ಗುಜರಿಗೆ ಹಾಕುವ ಮೊದಲು ಟಾರ್ಚ್ ಹಿಡಿದು ನೋಡಿ

ಏಳು ವರ್ಷದ ಎಲ್‌ಇಡಿ ಟಿವಿಯಲ್ಲಿ ಸೌಂಡ್ ಇದೆ, ಚಿತ್ರ ಇಲ್ಲ, ಆಯಸ್ಸು ಮುಗೀತಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹೊಸದು ಕೊಳ್ಳಬೇಡಿ. ಕೋಣೆ ಕತ್ತಲು ಮಾಡಿ, ಟಿವಿ ಆನ್ ಮಾಡಿ, ಪರದೆಗೆ ಹತ್ತಿರದಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಚಿತ್ರ ಮೂಡಿಸುವ ಪ್ಯಾನೆಲ್ ಜೀವಂತವಾಗಿದೆ. ಹೋಗಿರುವುದು ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್, ಇಲ್ಲವೇ ಅದಕ್ಕೆ ಕರೆಂಟ್ ಕೊಡುವ ಬೋರ್ಡ್. ಎರಡನ್ನೂ ರಿಪೇರಿ ಮಾಡಬಹುದು.

ತುಮಕೂರಿನ ನಮ್ಮ ಮನೆಯದ್ದೂ ಆರನೇ ವರ್ಷಕ್ಕೆ ಹೀಗೇ ಆಗಿತ್ತು. ಬಿಚ್ಚಿದಾಗ ಬ್ಯಾಕ್‌ಲೈಟಿನ ದೀಪಗಳಿರುವ ಪಟ್ಟಿಯಲ್ಲಿ ಒಂದು ಪುಟ್ಟ ಎಲ್‌ಇಡಿ ಬಿಸಿಗೆ ಕಪ್ಪಾಗಿತ್ತು, ಅಷ್ಟೇ. ಪಟ್ಟಿಗಳನ್ನು ಬದಲಾಯಿಸಿದೆವು. ಅಮ್ಮ ಇವತ್ತಿಗೂ ಅದರಲ್ಲೇ ಧಾರಾವಾಹಿ ನೋಡುತ್ತಾರೆ.

ರಿಪೇರಿ ಆದ ಮೇಲೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟ್ 100ರಲ್ಲಿ ಇಡಬೇಡಿ, 50–60 ಸಾಕು. ಬಿಸಿ ಕಡಿಮೆ ಆದಷ್ಟೂ ಜಾಸ್ತಿ ಬಾಳುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಕೇಬಲ್ ವೈರನ್ನೂ ಕಿತ್ತುಬಿಡಿ. ಪ್ಯಾನೆಲ್ಲೇ ಒಡೆದಿದ್ದರೆ ಮಾತ್ರ ಹೊಸ ಟಿವಿ ನೋಡಿ.