ಮಗ ಗೋಲು ಹೊಡೆಯಲ್ಲ ಎಂಬ ಅಪ್ಪನಿಗೆ

ಓದುಗರ ಪತ್ರ: ಸಂಪಾದಕರೇ, ಹೋದ ಸಂಚಿಕೆಯಲ್ಲಿ ಲೂಕಾ ಮೊಡ್ರಿಚ್ ಎಂಬ ಫುಟ್‌ಬಾಲ್ ಆಟಗಾರನಿಗೆ ಎರಡು ಪುಟ ಕೊಟ್ಟಿದ್ದೀರಿ. ಮಿಡ್‌ಫೀಲ್ಡರ್ ಅಂತೆ. ಗೋಲು ಹೊಡೆಯುವುದೇ ಅಪರೂಪ. ಜಾಗ ದಂಡ. ನನ್ನ ಮಗ ಒಂಬತ್ತನೇ ಕ್ಲಾಸು, ಶಾಲೆ ತಂಡದಲ್ಲಿ ಅವನೂ ಮಧ್ಯದಲ್ಲೇ ಆಡುತ್ತಾನೆ. ಮೊನ್ನೆ ಗೆದ್ದಾಗ ಪೇಪರಿನಲ್ಲಿ ಗೋಲು ಹೊಡೆದ ಹುಡುಗನ ಫೋಟೋ ಬಂತು. ಚೆಂಡು ಕೊಟ್ಟವನು ನಮ್ಮವನೇ. ಫೋಟೋದಲ್ಲಿ ಅವನ ಮೊಣಕೈ ಮಾತ್ರ ಇದೆ, ಕತ್ತರಿಸಿ ಕಳಿಸಿದ್ದೇನೆ. ಇವನನ್ನು ಮುಂದೆ ಆಡಿಸಿ ಎಂದು ಪಿ.ಟಿ. ಮೇಷ್ಟ್ರಿಗೆ ಹೇಳಬೇಕೆಂದಿದ್ದೇನೆ. ನೀವೇನಂತೀರಿ?
– ಮಂಡ್ಯದ ಓದುಗ (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ: ಸ್ವಾಮಿ, ನಿಮ್ಮ ಪತ್ರ ಬಂದ ದಿನ ಮೈಸೂರಿನ ನಮ್ಮ ಕಚೇರಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಕತ್ತರಿಸಿ ಕಳಿಸಿದ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೊಣಕೈ ಇದೆ. ಜರ್ಸಿಯ 8ನೇ ನಂಬರೂ ಅರ್ಧ ಕಾಣುತ್ತದೆ. ಮಿಕ್ಕವರೆಲ್ಲ ಗೋಲು ಹೊಡೆದವನ ಮೇಲೆ ಬೀಳುತ್ತಿದ್ದಾರೆ. ನಿಮ್ಮ ಹುಡುಗ ಆಗಲೇ ತನ್ನ ಜಾಗಕ್ಕೆ ವಾಪಸ್ ಹೊರಟಿದ್ದಾನೆ. ನನಗಂತೂ ಆ ಫೋಟೋದಲ್ಲಿ ಇಷ್ಟವಾದದ್ದು ಅವನೊಬ್ಬನೇ.

ನಿಮ್ಮ ಮಾತಿನಲ್ಲಿ ನಿಜ ಇಲ್ಲ ಅನ್ನಲಾರೆ. ಪಂದ್ಯ ಗೆಲ್ಲುವುದು ಗೋಲಿನಿಂದಲೇ. ಆಯ್ಕೆ ಮಾಡುವವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಒಪ್ಪಿದೆ. ಈಗ ಮುಂದಕ್ಕೆ ಹೋಗೋಣ.

‘ಗೋಲು ಹೊಡೆಯುವುದೇ ಅಪರೂಪ’ ಅಂದಿರಿ. 2018ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಇಂಗ್ಲೆಂಡಿನ ಹ್ಯಾರಿ ಕೇನ್, 6 ಗೋಲು. ಮೊಡ್ರಿಚ್ ಹೊಡೆದದ್ದು 2. ಟೂರ್ನಿಯ ಶ್ರೇಷ್ಠ ಆಟಗಾರ ಎಂದು ಗೋಲ್ಡನ್ ಬಾಲ್ ಕೊಟ್ಟದ್ದು ಯಾರಿಗೆ? ಮೊಡ್ರಿಚ್‌ಗೆ. ಅದೂ ಅವನ ದೇಶ ಕ್ರೊವೇಷಿಯಾ ಫೈನಲ್‌ನಲ್ಲಿ ಫ್ರಾನ್ಸ್ ಎದುರು 4-2ರಿಂದ ಸೋತ ಮೇಲೆ! ಅದೇ ವರ್ಷ ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಕೂಡ ಅವನಿಗೇ ಬಂತು. ಅದಕ್ಕೂ ಮುಂಚೆ ಹತ್ತು ವರ್ಷ ಆ ಪ್ರಶಸ್ತಿ ಮೆಸ್ಸಿ ಮತ್ತು ರೊನಾಲ್ಡೊ ಮನೆ ಬಿಟ್ಟು ಆಚೆ ಹೋಗಿರಲಿಲ್ಲ.

ಆದರೆ ಅವನ ಬದುಕು ಇಷ್ಟು ಸಲೀಸಾಗಿ ಸಾಗಲಿಲ್ಲ. ಊರು ಝಾಡರ್. ಅವನಿಗೆ ಆರು ವರ್ಷವಾಗಿದ್ದಾಗ, 1991ರ ಯುದ್ಧದಲ್ಲಿ ಅಜ್ಜನನ್ನು ಕೊಂದರು. ಮನೆ ಬಿಟ್ಟು ಓಡಿದ ಕುಟುಂಬ ನಿರಾಶ್ರಿತರಿಗೆ ಬಿಟ್ಟುಕೊಟ್ಟ ಹೋಟೆಲಿನಲ್ಲಿ ವರ್ಷಗಟ್ಟಲೆ ಇತ್ತು. ಹುಡುಗ ಚೆಂಡು ಒದ್ದದ್ದು ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ. ಹೈದುಕ್ ಸ್ಪ್ಲಿಟ್ ಎಂಬ ದೊಡ್ಡ ಕ್ಲಬ್ಬು ‘ತೀರಾ ಪೀಚು’ ಎಂದು ವಾಪಸ್ ಕಳಿಸಿತು. ದಿನಾಮೊ ಝಾಗ್ರೆಬ್ ಸೇರಿಸಿಕೊಂಡಿತು, ಸೇರಿಸಿಕೊಂಡು ಬಾಸ್ನಿಯಾದ ಒರಟು ಲೀಗ್‌ಗೆ ಒಂದು ಸೀಸನ್ ಎರವಲು ಕೊಟ್ಟಿತು. ಅಲ್ಲಿ ಒದೆ ತಿಂದೇ ಆಟ ಕಲಿತ. 2008ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್, 2012ರಲ್ಲಿ ರಿಯಲ್ ಮ್ಯಾಡ್ರಿಡ್.

ಮ್ಯಾಡ್ರಿಡ್‌ಗೆ ಹೋದ ವರ್ಷವೇ ಅಲ್ಲಿನ ಒಂದು ಕ್ರೀಡಾಪತ್ರಿಕೆ, ಈ ಸಲದ ಅತಿ ಕೆಟ್ಟ ಖರೀದಿ ಯಾವುದು ಎಂದು ಮತ ಕೇಳಿತು. ಗೆದ್ದವನು ಮೊಡ್ರಿಚ್. ಮತ ಹಾಕಿದವರು ಯಾರು ಗೊತ್ತೇ? ಪತ್ರಿಕೆಯ ಓದುಗರು! (ನಿಮಗೆ ಹೇಳಿದ್ದಲ್ಲ, ಬೇಜಾರಾಗಬೇಡಿ.) ಅದೇ ‘ಕೆಟ್ಟ ಖರೀದಿ’ 2025ರಲ್ಲಿ ಆ ಕ್ಲಬ್ಬು ಬಿಡುವಾಗ ಯೂರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನು 6 ಸಲ ಗೆದ್ದಿದ್ದ. ಆ ಕ್ಲಬ್ಬಿನ ಚರಿತ್ರೆಯಲ್ಲೇ ಅವನಷ್ಟು ಟ್ರೋಫಿ ಗೆದ್ದವರಿಲ್ಲ. ಹೊರಟಾಗ ಮನೆಗೆ ಹೋದನೇ? ಇಲ್ಲ. ನಲವತ್ತರ ಹತ್ತಿರದಲ್ಲಿ ಎ.ಸಿ. ಮಿಲಾನ್ ಸೇರಿದ.

ಅದೇ ರಿಯಲ್ ಮ್ಯಾಡ್ರಿಡ್‌ನದು ಇನ್ನೊಂದು ಕಥೆ ಇದೆ. 2003ರಲ್ಲಿ ಅಲ್ಲಿ ಜಿಡಾನ್, ರೊನಾಲ್ಡೊ (ಬ್ರೆಜಿಲ್‌ನವನು, ಮೇಲೆ ಹೇಳಿದವನಲ್ಲ), ಫಿಗೊ ಎಲ್ಲರೂ ಇದ್ದರು. ಬೆಕ್‌ಹ್ಯಾಮ್‌ನನ್ನೂ ತಂದರು. ಇವರೆಲ್ಲರ ಹಿಂದೆ ನಿಂತು ಎದುರಾಳಿಯ ಚೆಂಡು ಕಿತ್ತು ಕೊಡುತ್ತಿದ್ದವನು ಕ್ಲಾಡ್ ಮಕೆಲೆಲೆ. ಸಂಬಳ ಜಾಸ್ತಿ ಕೇಳಿದ. ಕೊಡಲಿಲ್ಲ, ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಮಾರಿಬಿಟ್ಟರು. ಆಮೇಲೆ ಅಷ್ಟೂ ತಾರೆಯರಿದ್ದೂ ಸ್ಪೇನ್ ಲೀಗ್ ಮತ್ತೆ ಕೈಗೆ ಬಂದದ್ದು 2007ರಲ್ಲಿ. ಇತ್ತ ಚೆಲ್ಸಿ ಐವತ್ತು ವರ್ಷದ ನಂತರ 2005ರಲ್ಲಿ ಲೀಗ್ ಗೆದ್ದಿತು, 2006ರಲ್ಲಿ ಮತ್ತೊಮ್ಮೆ. ಎಲ್ಲ ಅವನೊಬ್ಬನಿಂದಲೇ ಅನ್ನುತ್ತಿಲ್ಲ. ಆದರೆ ಲೆಕ್ಕ ಹಾಕಿ.

ನೀವು ಮಂಡ್ಯದವರು. ನಿಮಗೆ ನೀರುಗಂಟಿ ಗೊತ್ತಿರಲೇಬೇಕು. ವಿ.ಸಿ. ನಾಲೆಯಲ್ಲಿ ನೀರು ಬಿಟ್ಟಾಗ ಯಾವ ತೂಬು ಎಷ್ಟು ಹೊತ್ತು ತೆಗೆಯಬೇಕು, ಯಾವ ಗದ್ದೆಗೆ ಮೊದಲು, ಕೊನೇ ಭಾಗದವರಿಗೆ ಉಳಿಯುತ್ತದೋ ಇಲ್ಲವೋ, ಎಲ್ಲ ಅವನ ತಲೆಯಲ್ಲಿ. ಮಿಡ್‌ಫೀಲ್ಡರ್ ಮಾಡುವುದೂ ಅದೇ. ಚೆಂಡು ಕಾಲಿಗೆ ಬರುವ ಮುಂಚೆಯೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ, ಎಲ್ಲಿ ಜಾಗ ಇದೆ ನೋಡಿಟ್ಟುಕೊಂಡಿರುತ್ತಾನೆ. ಸ್ಪೇನಿನ ಜಾವಿ ಆಡುವಾಗ ನೋಡಬೇಕಿತ್ತು, ಕತ್ತು ಒಂದು ಕ್ಷಣ ಸುಮ್ನೆ ಇರುತ್ತಿರಲಿಲ್ಲ. ಆ ಸ್ಪೇನ್ 2010ರ ವಿಶ್ವಕಪ್ ಗೆದ್ದದ್ದು 7 ಪಂದ್ಯದಲ್ಲಿ ಬರೀ 8 ಗೋಲು ಹೊಡೆದು. ಫೈನಲ್‌ನಲ್ಲಿ ಒಂದೇ ಗೋಲು, ಹೊಡೆದವನು ಇನಿಯೆಸ್ಟಾ. ಅವನೂ ಮಿಡ್‌ಫೀಲ್ಡರೇ.

ಫುಟ್‌ಬಾಲ್ ಬೇಡ ಅನ್ನುತ್ತೀರಾ? ನಮ್ಮ ಮೈಸೂರಿನ ಶ್ರೀನಾಥರನ್ನೇ ತೆಗೆದುಕೊಳ್ಳಿ. 1999ರ ಫೆಬ್ರವರಿ, ದೆಹಲಿಯ ಕೋಟ್ಲಾ, ಪಾಕಿಸ್ತಾನದ ಎದುರು ಟೆಸ್ಟ್. ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿದೆ. ಈ ಕಡೆಯಿಂದ ಶ್ರೀನಾಥ್ ಬೇಕೆಂದೇ ಆಫ್ ಸ್ಟಂಪಿನಿಂದ ದೂರ ದೂರ ಬೌಲ್ ಮಾಡಿದರು, ಹತ್ತನೆಯದು ತನಗೆ ಬಿದ್ದುಬಿಟ್ಟೀತು ಎಂದು. ವೇಗದ ಬೌಲರ್‌ಗೆ ವಿಕೆಟ್ ಬೇಡ ಅನ್ನಿಸುವುದು ಅಂದರೆ ಸುಮ್ಮನೆ ಮಾತೇ? ಸ್ಕೋರ್‌ಬೋರ್ಡಿನಲ್ಲಿ ಕುಂಬ್ಳೆ 74ಕ್ಕೆ 10 ಎಂದಿದೆ. ಶ್ರೀನಾಥರ ಆ ಓವರಿಗೆ ಅಲ್ಲಿ ಕಾಲಮ್ಮೇ ಇಲ್ಲ.

ಇದು ಆಟಕ್ಕೆ ಮಾತ್ರ ಹಿಡಿದ ರೋಗ ಅಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ಬಾಯಿಗೆ ಸಿಹಿ ತುರುಕಿಸಿಕೊಂಡ ಮಕ್ಕಳ ಫೋಟೋ ಪೇಪರಿನ ತುಂಬ. ಅವರಿಗೆ ಏಳನೇ ಕ್ಲಾಸಿನಲ್ಲಿ ಭಿನ್ನರಾಶಿ ಹೇಳಿಕೊಟ್ಟ ಟೀಚರ್ ಹೆಸರು ಎಲ್ಲಾದರೂ ಬಂದಿದೆಯೇ? ನಮ್ಮ ಬಡಾವಣೆಯ ಮೈದಾನದಲ್ಲಿ ಸಂಜೆ ಆಡಿ ಬಂದ ಮಕ್ಕಳನ್ನು ಗೇಟಿನಲ್ಲಿ ನಿಂತ ಅಪ್ಪಂದಿರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಗೋಲು? ಆ ಮೈದಾನವೂ ವರ್ಷದ ಅರ್ಧ ಭಾಗ ಮೇಳ, ಎಕ್ಸಿಬಿಷನ್‌ಗೆ ಬಾಡಿಗೆ ಹೋಗುತ್ತದೆ. ಶಾಮಿಯಾನದ ಗೂಟ ಕಿತ್ತ ಗುಂಡಿಗಳನ್ನು ಯಾರೂ ಮುಚ್ಚುವುದಿಲ್ಲ. ಕಾಲು ಉಳುಕಿಸಿಕೊಳ್ಳುವವರು ಮಧ್ಯದಲ್ಲಿ ಓಡುವ ಹುಡುಗರೇ, ಯಾಕೆಂದರೆ ಜಾಸ್ತಿ ಓಡುವವರು ಅವರು.

ಮೈಸೂರು ರಾಜ್ಯದ ತಂಡ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ನಾಲ್ಕೂ ಸಲ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಆಮೇಲೆ 54 ವರ್ಷ ಬರ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಿತು. ಆ ತಂಡದಲ್ಲಿ ಮಧ್ಯದಲ್ಲಿ ಆಡಿದವರು ಯಾರು? ನಮ್ಮ ಕಚೇರಿಯಲ್ಲಿ ಕೇಳಿದೆ. ಎಲ್ಲರೂ ಫ್ಯಾನು ನೋಡಿದರು.

ಮೇಷ್ಟ್ರ ಹತ್ತಿರ ಹೋಗುವುದಾದರೆ ಧಾರಾಳವಾಗಿ ಹೋಗಿ. ಆದರೆ ಅದಕ್ಕೂ ಮುಂಚೆ ಒಂದು ಪಂದ್ಯಕ್ಕೆ ಹೋಗಿ, ಚೆಂಡನ್ನು ಬಿಟ್ಟು ಬರೀ ನಿಮ್ಮ ಮಗನನ್ನು ನೋಡಿ. ಎಷ್ಟು ಸಲ ಕತ್ತು ತಿರುಗಿಸಿದ, ಬೇರೆಯವರು ಬಿಟ್ಟ ಜಾಗಕ್ಕೆ ಎಷ್ಟು ಸಲ ಓಡಿ ನಿಂತ, ಎಣಿಸಿ. ‘ನಿನಗೆ ಎಲ್ಲಿ ಆಡೋದು ಇಷ್ಟ’ ಎಂದು ಅವನನ್ನೂ ಒಂದು ಮಾತು ಕೇಳಿ. ಪತ್ರದಲ್ಲಿ ಅದೊಂದನ್ನು ಬರೆದಿಲ್ಲ ನೀವು. ಕತ್ತರಿಸಿ ಕಳಿಸಿದ ಫೋಟೋ ವಾಪಸ್ ಕಳಿಸುತ್ತಿಲ್ಲ. ಮುಂದಿನ ಸಂಚಿಕೆಯ ಆಟದ ಪುಟಕ್ಕೆ ಅದನ್ನೇ ಹಾಕುತ್ತಿದ್ದೇನೆ, ಮೊಣಕೈ ಕಡೆಯನ್ನು ದೊಡ್ಡದು ಮಾಡಿ.