ವೆಸ್ನಾತ್ ವಿಕಿಯನ್ನು ಅಷ್ಟೊಂದು ಜನ ತಿದ್ದಿದರೂ ಅದು ಹೇಗೆ ಕೆಡುವುದಿಲ್ಲ? ಹೊಸಬರೂ ಬರೆಯಬಹುದಾ?

ಖಂಡಿತ ಬರೆಯಬಹುದು. ನೀವು ಕೇಳಿರುವುದು ಎರಡು ವಿಷಯ. ಬ್ಯಾಟಲ್ ಫಾರ್ ವೆಸ್ನಾತ್ ಆಟದ ವಿಕಿಯನ್ನು ಗುರುತು ಪರಿಚಯ ಇಲ್ಲದ ಅಭಿಮಾನಿಗಳು ಸೇರಿ ತಿದ್ದುತ್ತಾರೆ, ಆದರೂ ಅದು ಕೆಲಸಕ್ಕೆ ಬರುವಂತೆ ಹೇಗೆ ಉಳಿದಿದೆ ಅನ್ನುವುದು ಒಂದು. ಆಟ ಕಲಿತು ಇನ್ನೂ ಜಾಸ್ತಿ ದಿನ ಆಗದ ನೀವು ಅಲ್ಲಿ ಏನು ಬರೆಯಬೇಕು ಅನ್ನುವುದು ಇನ್ನೊಂದು. ನಾನು ಆ ವಿಕಿಯನ್ನು ತುಂಬಾ ಓದುತ್ತೇನೆ, ಆಗಾಗ ತಿದ್ದುತ್ತೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು, ಈ ಆಟ ಗೊತ್ತಿಲ್ಲದೆ ಇಲ್ಲಿಗೆ ಬಂದವರಿಗೆ ಎರಡು ಮಾತು. ವೆಸ್ನಾತ್ ಅಂದರೆ ಷಡ್ಭುಜ ಮನೆಗಳ ಮ್ಯಾಪ್ ಮೇಲೆ ಸರದಿಯಂತೆ ಆಡುವ ಫ್ಯಾಂಟಸಿ ಯುದ್ಧದ ಆಟ. ಎಲ್ಫ್‌ಗಳು, ಓರ್ಕ್‌ಗಳು, ಕುಬ್ಜರು, ಎದ್ದು ಬಂದ ಅಸ್ಥಿಪಂಜರಗಳು ಎಲ್ಲ ಇವೆ. ಡೇವಿಡ್ ವೈಟ್ ಇದನ್ನು 2003ರಲ್ಲಿ ಶುರು ಮಾಡಿದರು. ಉಚಿತ ಆಟ, ಕೋಡ್ ಪೂರ್ತಿ ತೆರೆದಿದೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ಒಳಗಿನ ಫೈಲ್‌ಗಳನ್ನು ಓದಬಹುದು.

ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ಇಬ್ಬರು ಅಭಿಮಾನಿಗಳಿಗೆ ಒಂದು ಸಂಖ್ಯೆಯ ಬಗ್ಗೆ ಜಗಳ ಬಂದರೆ ಯಾರು ಹಳಬರು, ಯಾರು ಚೆನ್ನಾಗಿ ಆಡುತ್ತಾರೆ ಅಂತ ನೋಡಬೇಕಾಗಿಲ್ಲ. ಆಟವನ್ನೇ ತೆರೆದು ನೋಡಿದರೆ ಮುಗಿಯಿತು.

ಒಂದು ಉದಾಹರಣೆ ಹೇಳುತ್ತೇನೆ. ಲಾಯಲಿಸ್ಟ್ ಪಡೆಯ ಸ್ಪಿಯರ್‌ಮ್ಯಾನ್ ನಿಮಗೆ ಗೊತ್ತಲ್ವಾ? ಅವನ ಈಟಿಯ ಏಟು 7-3. ಅಂದರೆ ಒಂದು ದಾಳಿಗೆ ಮೂರು ಏಟು, ಪ್ರತಿ ಏಟಿಗೆ 7. ಅವನು ಲಾಫುಲ್, ಅಂದರೆ ಹಗಲಲ್ಲಿ ಬಲ ಹೆಚ್ಚುವ ಗುಂಪಿನವನು, ಹಾಗಾಗಿ ಹಗಲಲ್ಲಿ 25% ಜಾಸ್ತಿ. ಎದುರಿಗೆ ಕುದುರೆ ಮೇಲಿನ ಕ್ಯಾವಲ್ರಿಮ್ಯಾನ್ ಇದ್ದಾನೆ ಅಂದುಕೊಳ್ಳಿ. ಚುಚ್ಚುವ ಆಯುಧದ ಎದುರು ಅವನು ದುರ್ಬಲ, 20% ಜಾಸ್ತಿ ಪೆಟ್ಟು ತಿನ್ನುತ್ತಾನೆ. ಈಗ ಲೆಕ್ಕ ಹಾಕಿ: 7ಕ್ಕೆ 1.25, ಅದಕ್ಕೆ ಮತ್ತೆ 1.2. ಬರುವುದು 10.5.

ಇಲ್ಲೇ ಜಗಳ ಶುರು ಆಗುವುದು. ಶಾಲೆಯಲ್ಲಿ ಕಲಿತ ಹಾಗೆ ಅರ್ಧವನ್ನು ಮೇಲಕ್ಕೆ ಏರಿಸಿದರೆ 11. ಒಬ್ಬರು ಹಾಗೆ ಬರೆಯುತ್ತಾರೆ. ಇನ್ನೊಬ್ಬರು ಬಂದು 10 ಅಂತ ತಿದ್ದುತ್ತಾರೆ. ಆಟದಲ್ಲಿ ದಾಳಿಗೆ ಮೊದಲು ಬರುವ ಲೆಕ್ಕದ ಕಿಟಕಿ ತೆರೆದು ನೋಡಿ, 10 ಅಂತಲೇ ಇರುತ್ತದೆ. ಯಾಕೆಂದರೆ ಈ ಆಟದ ನಿಯಮವೇ ಬೇರೆ. ಸರಿಯಾಗಿ ಅರ್ಧ ಬಂದರೆ ಅದು ಮೂಲ ಸಂಖ್ಯೆಯ ಕಡೆಗೆ ಸರಿಯುತ್ತದೆ. ಮೂಲ 7, ಹಾಗಾಗಿ 10.5 ಕೆಳಗಿಳಿದು 10 ಆಗುತ್ತದೆ. ಕೇಯಾಟಿಕ್, ಅಂದರೆ ರಾತ್ರಿ ಬಲ ಹೆಚ್ಚಿ ಹಗಲಲ್ಲಿ ತಗ್ಗುವ ಗುಂಪಿನ ಮಂತ್ರವಾದಿ ಡಾರ್ಕ್ ಅಡೆಪ್ಟ್ ಹಗಲಲ್ಲಿ ಅದೇ ಸ್ಪಿಯರ್‌ಮ್ಯಾನ್ ಮೇಲೆ ಚಳಿಯ ಅಲೆ ಬಿಟ್ಟರೆ ಉಲ್ಟಾ: ಮೂಲ 10, ಹಗಲಿಗೆ 25% ಕಡಿಮೆ, 7.5. ಇಲ್ಲಿ ಮೂಲ ಸಂಖ್ಯೆ ಮೇಲಿದೆ, ಹಾಗಾಗಿ ಅದು 8 ಆಗುತ್ತದೆ.

ಈಗ ಇಬ್ಬರು ಸಂಪಾದಕರನ್ನು ಹೋಲಿಸಿ ನೋಡಿ. ಒಬ್ಬರು ಸುಮ್ನೆ 11 ಅಳಿಸಿ 10 ಹಾಕಿ ಹೋದರು. ನಾಳೆ ಇನ್ನೊಬ್ಬರು ಕ್ಯಾಲ್ಕುಲೇಟರ್ ಹಿಡಿದು ಬಂದು ಮತ್ತೆ 11 ಮಾಡುತ್ತಾರೆ. ಇನ್ನೊಬ್ಬ ಸಂಪಾದಕರು 10 ಹಾಕಿ, ಪಕ್ಕದಲ್ಲಿ ‘ಅರ್ಧ ಬಂದರೆ ಮೂಲ ಸಂಖ್ಯೆಯ ಕಡೆಗೆ’ ಅಂತ ಒಂದು ಸಾಲು ಸೇರಿಸಿದರು. ಆ ಜಗಳ ಅಲ್ಲಿಗೆ ನಿಂತಿತು. ನನ್ನ ಪ್ರಕಾರ ವಿಕಿ ಉಳಿಯುವುದು ಈ ಎರಡನೆಯ ಥರದವರಿಂದ. ಉತ್ತರದ ಜೊತೆಗೆ ‘ಯಾವಾಗ ಇದು ನಿಜ, ಯಾಕೆ ನಿಜ’ ಅಂತ ಬರೆದಿಟ್ಟು ಹೋಗುವವರು. ನಾನು ನಿಮಗೆ ಹೇಳಬೇಕಾಗಿರುವ ಮುಖ್ಯ ಮಾತು ಇದೇ.

‘ಯಾವಾಗ’ ಅನ್ನುವುದು ಈ ಆಟದಲ್ಲಿ ತುಂಬಾ ಮುಖ್ಯ, ಯಾಕೆಂದರೆ ಆಟ ನಿಂತಲ್ಲಿ ನಿಂತಿಲ್ಲ. 1.0 ವರ್ಷನ್ ಬಂದದ್ದು 2005ರಲ್ಲಿ. 1.14 ಬಂದದ್ದು 2018ರಲ್ಲಿ, ಆಗಲೇ ಸ್ಟೀಮ್‌ನಲ್ಲೂ ಸಿಗತೊಡಗಿತು. 1.16 ಬಂದದ್ದು 2021ರಲ್ಲಿ, 1.18 ಬಂದದ್ದು 2024ರಲ್ಲಿ. ಚುಕ್ಕಿಯ ನಂತರ ಸಮಸಂಖ್ಯೆ ಇದ್ದರೆ ಅದು ಎಲ್ಲರೂ ಆಡುವ ಸ್ಥಿರ ವರ್ಷನ್. ಬೆಸ ಸಂಖ್ಯೆ, ಅಂದರೆ 1.15, 1.17 ಇಂಥವು, ಇನ್ನೂ ತಯಾರಾಗುತ್ತಿರುವ ವರ್ಷನ್. ಒಂದೇ ಪುಟವನ್ನು ಸ್ಥಿರ ವರ್ಷನ್ ಆಡುವವರೂ ಓದುತ್ತಾರೆ, ಪ್ರಯೋಗದ ವರ್ಷನ್ ಹಾಕಿಕೊಂಡವರೂ ಓದುತ್ತಾರೆ. ಯಾರಿಗೆ ತಕ್ಕಂತೆ ಬರೆಯುವುದು?

ಇದಕ್ಕೆ ಅಲ್ಲಿ ಮಾಡಿಕೊಂಡಿರುವ ಏರ್ಪಾಡು ನನಗೆ ತುಂಬಾ ಇಷ್ಟ. ಸ್ವಂತ ಕ್ಯಾಂಪೇನ್, ಅಂದರೆ ಕಥೆಯಾಗಿ ಸಾಗುವ ಯುದ್ಧಗಳ ಸರಣಿ, ಮಾಡುವವರಿಗಾಗಿ ಡಬ್ಲ್ಯೂಎಂಎಲ್ ಅನ್ನುವ ಆಟದ ಭಾಷೆಯ ಕೈಪಿಡಿ ವಿಕಿಯಲ್ಲಿದೆ, ಒಂದೊಂದು ಟ್ಯಾಗ್‌ಗೂ ವಿವರಣೆ ಇದೆ. ಹೊಸ ಸೌಲಭ್ಯ ಬಂದಾಗ ಹಳೆಯ ಸಾಲನ್ನು ಅಳಿಸುವುದಿಲ್ಲ. ಹೊಸ ಸಾಲಿನ ಮುಂದೆ ಒಂದು ಚಿಕ್ಕ ಟೆಂಪ್ಲೇಟ್ ಅಂಟಿಸುತ್ತಾರೆ. ಓದುವವರಿಗೆ ಅದು ‘ಇದು 1.13.2 ಮತ್ತು ಆಮೇಲಿನ ವರ್ಷನ್‌ಗೆ ಮಾತ್ರ’ ಅನ್ನುವ ಥರ ಕಾಣುತ್ತದೆ. ಹಳೆಯ ವರ್ಷನ್‌ನವರು ಆ ಸಾಲು ಬಿಟ್ಟು ಓದುತ್ತಾರೆ, ಹೊಸ ವರ್ಷನ್‌ನವರು ಸೇರಿಸಿಕೊಂಡು ಓದುತ್ತಾರೆ. ಒಂದೇ ಪುಟದಲ್ಲಿ ಇಬ್ಬರಿಗೂ ಜಾಗ. ಎಷ್ಟು ಸರಳ, ಆದರೆ ಇದು ಇಲ್ಲದಿದ್ದರೆ ಆ ಕೈಪಿಡಿ ಯಾವತ್ತೋ ಗೊಂದಲದ ಗೂಡಾಗಿರುತ್ತಿತ್ತು.

ಇಬ್ಬರೂ ಸರಿ ಇದ್ದು ಜಗಳ ಆಡುವುದೂ ಉಂಟು. ಕ್ಯಾಂಪೇನ್‌ನಲ್ಲಿ ಒಂದು ಸಿನಾರಿಯೋ, ಅಂದರೆ ಆ ಸರಣಿಯ ಒಂದು ಯುದ್ಧ, ಗೆದ್ದರೆ ಉಳಿದ ಚಿನ್ನದಲ್ಲಿ ಒಂದು ಪಾಲು ಮುಂದಿನದಕ್ಕೆ ಹೋಗುತ್ತದೆ. ಎಷ್ಟು ಪಾಲು? ಕ್ಯಾಂಪೇನ್ ಮಾಡುವವರು 80% ಅನ್ನುತ್ತಾರೆ. ಆಡುವವರು 40% ಅನ್ನುತ್ತಾರೆ. ಎರಡೂ ನಿಜ. ಫೈಲ್‌ನಲ್ಲಿ ಏನೂ ಬರೆಯದೆ ಬಿಟ್ಟರೆ ಆಟ ತಾನಾಗಿ 80% ಹಿಡಿಯುತ್ತದೆ. ಆದರೆ ಆಟದ ಜೊತೆ ಬರುವ ಕ್ಯಾಂಪೇನ್‌ಗಳಲ್ಲಿ ಸಾಮಾನ್ಯವಾಗಿ 40% ಅಂತ ಬರೆದಿಟ್ಟಿರುತ್ತಾರೆ. ಇಂಥ ಕಡೆ ಯಾರದೋ ಸಾಲನ್ನು ಅಳಿಸುವ ಮೊದಲು ಒಂದು ಕ್ಷಣ ನಿಂತು, ಅವರು ಯಾವ ಕಡೆಯಿಂದ ನೋಡಿ ಬರೆದರು ಅಂತ ಯೋಚಿಸಬೇಕು.

ಇದಿಷ್ಟೂ ಪರೀಕ್ಷಿಸಿ ನೋಡಬಹುದಾದ ವಿಷಯ. ನಿಜವಾದ ಕಷ್ಟ ಇರುವುದು ಸಲಹೆಗಳಲ್ಲಿ. ಸಿನಾರಿಯೋ ಗೆಲ್ಲುವುದು ಹೇಗೆ, ಯಾವ ಯೂನಿಟ್ (ಯೋಧರ ಬಗೆ) ಒಳ್ಳೆಯದು ಅನ್ನುವುದಕ್ಕೆ ಆಟದ ಫೈಲ್‌ನಲ್ಲಿ ಉತ್ತರ ಇರುವುದಿಲ್ಲ.

ಹೇರ್ ಟು ದಿ ಥ್ರೋನ್ ಕ್ಯಾಂಪೇನ್‌ನ ಮೊದಲ ಸಿನಾರಿಯೋ ತೆಗೆದುಕೊಳ್ಳಿ, ನೀವೂ ಆಡಿರುತ್ತೀರಿ. ಎಲ್ಫ್‌ಗಳ ಊರಿಗೆ ಓರ್ಕ್‌ಗಳು ಮುತ್ತಿಗೆ ಹಾಕಿದ್ದಾರೆ. ಕಥಾನಾಯಕ ಕೊನ್ರಾಡ್‌ನನ್ನು ವಾಯವ್ಯ ಮೂಲೆಯ ಕೈಕಂಬದ ತನಕ ತಲುಪಿಸಬೇಕು. ಕೊನ್ರಾಡ್ ಆಗಲಿ ಅವನ ಜೊತೆಗಿರುವ ಮಂತ್ರವಾದಿ ಡೆಲ್ಫಡೋರ್ ಆಗಲಿ ಸತ್ತರೆ ಆಟ ಮುಗಿಯಿತು. ಒಬ್ಬರು ‘ಯುದ್ಧ ಬೇಡ, ಸೀದಾ ಓಡಿ’ ಅಂತ ಬರೆಯುತ್ತಾರೆ. ಇನ್ನೊಬ್ಬರು ‘ನಿಂತು ಹೊಡೆದಾಡಿ, ನಿಮ್ಮ ಎಲ್ಫ್‌ಗಳಿಗೆ ಅನುಭವ ಬರುತ್ತದೆ, ಅವರೇ ಮುಂದೆ ಕೈ ಹಿಡಿಯುತ್ತಾರೆ’ ಅನ್ನುತ್ತಾರೆ. ಮೂರನೆಯವರು ‘ಡೆಲ್ಫಡೋರ್ ಇದ್ದಾನಲ್ಲ, ಅವನೇ ಎಲ್ಲರನ್ನೂ ಮುಗಿಸಲಿ’ ಅನ್ನುತ್ತಾರೆ.

ಮೂರೂ ದಾರಿಯಲ್ಲಿ ಗೆಲ್ಲಬಹುದು. ಆದರೆ ಮೂರಕ್ಕೂ ಬೆಲೆ ಬೇರೆ ಬೇರೆ. ಮೊದಲ ಲೆವೆಲ್‌ನ ಓರ್ಕ್‌ನನ್ನು ಕೊಂದವರಿಗೆ 8 ಅನುಭವ ಅಂಕ ಸಿಗುತ್ತದೆ, ಬರೀ ಹೊಡೆದಾಡಿದವರಿಗೆ 1. ಡೆಲ್ಫಡೋರ್ ಆಗಲೇ ಐದನೇ ಲೆವೆಲ್‌ನಲ್ಲಿರುವ ಮುದಿ ಮಂತ್ರವಾದಿ. ಅವನು ಇನ್ನು ಬೇರೆ ಯೂನಿಟ್ ಆಗಿ ಬೆಳೆಯುವುದಿಲ್ಲ. ಕೊನೆಯ ಏಟು ಅವನೇ ಹೊಡೆದರೆ ಆ ಅಂಕ ಹೆಚ್ಚುಕಡಿಮೆ ನೀರುಪಾಲು. ಅದೇ ಏಟನ್ನು ಒಬ್ಬ ಎಲ್ವಿಶ್ ಫೈಟರ್ ಹೊಡೆದರೆ ಅವನು ಮುಂದಿನ ಸಿನಾರಿಯೋಗಳಲ್ಲೂ ನಿಮ್ಮ ಜೊತೆ ಬರುತ್ತಾನೆ, ಬೆಳೆಯುತ್ತಾನೆ. ಸುಲಭದ ಮಟ್ಟದಲ್ಲಿ ಆಡುವವರಿಗೆ ನಿಂತು ಹೊಡೆದಾಡಲು ಸಮಯ ಸಿಗುತ್ತದೆ. ಕಷ್ಟದ ಮಟ್ಟದಲ್ಲಿ ಓರ್ಕ್‌ಗಳ ಸಂಖ್ಯೆ ನೋಡಿದರೆ ಓಡುವ ಸಲಹೆಯೇ ಸರಿ ಅನ್ನಿಸುತ್ತದೆ.

ಆದ್ದರಿಂದ ಇಂಥ ಪುಟದಲ್ಲಿ ಒಂದು ಸಲಹೆ ಅಳಿಸಿ ಇನ್ನೊಂದು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದಲ್ಲಿ ನಿಮ್ಮದನ್ನೂ ಬರೆಯಿರಿ. ಯಾವ ವರ್ಷನ್, ಯಾವ ಮಟ್ಟ, ಎಷ್ಟನೇ ಸರದಿಗೆ ಕೊನ್ರಾಡ್ ಕೈಕಂಬ ಮುಟ್ಟಿದ, ಯಾರನ್ನು ಕಳೆದುಕೊಂಡಿರಿ ಅಂತ ಹೇಳಿ. ಓದುವವರು ತಮ್ಮ ಪರಿಸ್ಥಿತಿಗೆ ಹೊಂದುವುದನ್ನು ಆರಿಸಿಕೊಳ್ಳುತ್ತಾರೆ. ಅವರಿಗೆ ಆ ಬುದ್ಧಿ ಇದೆ.

ಇನ್ನೊಂದು ವಿಷಯ, ಅದೃಷ್ಟ. ವೆಸ್ನಾತ್‌ನಲ್ಲಿ ಪ್ರತಿ ಏಟೂ ಬೀಳುತ್ತೋ ಇಲ್ಲವೋ ಅನ್ನುವುದು ಸಾಧ್ಯತೆಯ ಮೇಲೆ ನಿಂತಿದೆ. ಮೇಜ್ ಅನ್ನುವ ಮಂತ್ರವಾದಿ ಯೂನಿಟ್‌ನ ಮಂತ್ರದ ದಾಳಿ ಎದುರಾಳಿ ಎಲ್ಲೇ ನಿಂತಿದ್ದರೂ 70% ಬೀಳುತ್ತದೆ, ದಾಳಿಗೆ ಮೂರು ಏಟು. ಮೂರೂ ತಪ್ಪಿಹೋಗುವ ಸಾಧ್ಯತೆ 2.7%. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಇಡೀ ಕ್ಯಾಂಪೇನ್‌ನಲ್ಲಿ ಮೇಜ್‌ಗಳಿಂದ ನೂರಾರು ದಾಳಿ ಮಾಡಿಸುತ್ತೀರಿ, ಹಾಗಾಗಿ ಅದು ನಿಮಗೂ ಆಗಿಯೇ ಆಗುತ್ತದೆ, ಅದೂ ಬೇಡದ ಹೊತ್ತಿನಲ್ಲಿ. ಆ ಸಿಟ್ಟಲ್ಲಿ ವಿಕಿಗೆ ಹೋಗಿ ‘ಮೇಜ್ ಪ್ರಯೋಜನ ಇಲ್ಲ’ ಅಂತ ಬರೆಯಬೇಡಿ. ಆಟದಲ್ಲೇ ಅಂಕಿಅಂಶದ ಕಿಟಕಿ ಇದೆ. ಬೀಳಬೇಕಿದ್ದ ಪೆಟ್ಟು ಎಷ್ಟು, ಬಿದ್ದದ್ದು ಎಷ್ಟು ಅಂತ ಅಲ್ಲಿ ತೋರಿಸುತ್ತದೆ. ಬರೆಯುವ ಮೊದಲು ಅದನ್ನು ನೋಡಿ. ಈ ಚಿಕ್ಕ ಅಭ್ಯಾಸ ಇರುವವರ ಸಲಹೆಗೂ ಇಲ್ಲದವರ ಸಲಹೆಗೂ ತುಂಬಾ ವ್ಯತ್ಯಾಸ ಇರುತ್ತದೆ, ಓದಿದರೆ ಗೊತ್ತಾಗುತ್ತದೆ.

ತಿದ್ದುವ ವಿಧಾನ ಕಷ್ಟ ಏನಿಲ್ಲ. ಈ ವಿಕಿ ನಡೆಯುವುದು ಮೀಡಿಯಾವಿಕಿ ಮೇಲೆ, ಅಂದರೆ ವಿಕಿಪೀಡಿಯ ಬಳಸುವ ಅದೇ ಸಾಫ್ಟ್‌ವೇರ್. 2003ರಲ್ಲೇ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲಿ ನೀವು ಯಾವತ್ತಾದರೂ ‘ಸಂಪಾದಿಸಿ’ ಒತ್ತಿದ್ದರೆ ಅರ್ಧ ಕೆಲಸ ಕಲಿತಂತೆ. ಒತ್ತಿಲ್ಲದಿದ್ದರೆ ಅಲ್ಲೇ ಕಲಿಯಿರಿ. ಕನ್ನಡ ಪುಟಗಳಿಗೂ ಕೈಗಳು ಬೇಕು, ಅದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಪ್ರತಿ ಪುಟದ ಹಿಂದೆ ಇತಿಹಾಸ ಇರುತ್ತದೆ. ಯಾರು, ಯಾವಾಗ, ಯಾವ ಪದ ಬದಲಿಸಿದರು ಅಂತ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಯಾರಾದರೂ ಪುಟ ಹಾಳು ಮಾಡಿದರೆ ಹಿಂದಿನ ಆವೃತ್ತಿಗೆ ತರುವುದು ಕ್ಷಣದ ಕೆಲಸ. ಹಾಳು ಮಾಡಲು ಬೇಕಾದಷ್ಟು ಹೊತ್ತೂ ಸರಿಪಡಿಸಲು ಬೇಡ. ಅದಕ್ಕೇ ಅದು ಕೆಡದೆ ಉಳಿಯುತ್ತದೆ.

ಸೇವ್ ಮಾಡುವಾಗ ಕೆಳಗೆ ‘ಸಾರಾಂಶ’ ಅನ್ನುವ ಚಿಕ್ಕ ಪೆಟ್ಟಿಗೆ ಇರುತ್ತದೆ. ಹೆಚ್ಚಿನವರು ಖಾಲಿ ಬಿಡುತ್ತಾರೆ. ದಯವಿಟ್ಟು ನೀವು ಬಿಡಬೇಡಿ. ‘ಸರಿಪಡಿಸಿದೆ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘1.18ರಲ್ಲಿ ಆಡಿ ನೋಡಿದೆ, ದಾಳಿಯ ಕಿಟಕಿ 10 ತೋರಿಸುತ್ತದೆ’ ಅಂತ ಬರೆದರೆ ಮುಂದೆ ಬರುವವರು ಅದನ್ನೇ ಮಾಡಿ ನೋಡಿ ಒಪ್ಪುತ್ತಾರೆ, ಇಲ್ಲವೇ ಚರ್ಚೆಯ ಪುಟಕ್ಕೆ ಬಂದು ಕೇಳುತ್ತಾರೆ. ನಿಮ್ಮ ಸಾಲನ್ನು ಯಾರಾದರೂ ಹಿಂದೆ ತಿರುಗಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ತಕ್ಷಣ ವಾಪಸ್ ಹಾಕಲೂ ಹೋಗಬೇಡಿ. ಚರ್ಚೆಯ ಪುಟದಲ್ಲಿ ಕಾರಣ ಕೇಳಿ. ಅಷ್ಟರಲ್ಲೇ ಹೆಚ್ಚಿನವು ಬಗೆಹರಿಯುತ್ತವೆ.

ಈಗ ನೀವು ಏನು ಬರೆಯಬೇಕು ಅನ್ನುವುದಕ್ಕೆ ಬರುತ್ತೇನೆ. ಯೂನಿಟ್‌ಗಳ ಬೆಲೆ, ಜೀವ, ಏಟು ಇವುಗಳ ಪಟ್ಟಿ ಮಾಡಲು ಕೂರಬೇಡಿ. ಅದಕ್ಕೆ ಬೇರೆ ತಾಣ ಇದೆ, ಆಟದ ಫೈಲ್‌ಗಳಿಂದಲೇ ತಾನಾಗಿ ತಯಾರಾಗುತ್ತದೆ. ಕೈಯಲ್ಲಿ ಬರೆದ ಪಟ್ಟಿ ಮುಂದಿನ ವರ್ಷನ್‌ಗೆ ಹಳೆಯದಾಗುತ್ತದೆ. ಯಂತ್ರ ಮಾಡುವ ಕೆಲಸಕ್ಕೆ ನಿಮ್ಮ ಸಂಜೆಗಳನ್ನು ಕೊಡುವುದು ಯಾಕೆ?

ಯಂತ್ರಕ್ಕೆ ಬಾರದ ಕೆಲಸ ನಿಮಗೆ ಬರುತ್ತದೆ, ನೀವು ಹೊಸಬರಾಗಿರುವುದರಿಂದಲೇ ಬರುತ್ತದೆ. ಹಳಬರಿಗೆ ಎಲ್ಲವೂ ಗೊತ್ತಿರುವುದರಿಂದ ಓದುವವರು ಎಲ್ಲಿ ಎಡವುತ್ತಾರೆ ಅಂತ ಕಾಣುವುದಿಲ್ಲ. ಹಗಲು ರಾತ್ರಿ ಸೇರಿ ಆರು ಸರದಿಯ ಚಕ್ರ ಇದೆ, ಅದರಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಲಾಫುಲ್‌ಗೂ ಕೇಯಾಟಿಕ್‌ಗೂ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಹಾಗಾಗಿ ‘ರಾತ್ರಿ ಹಿಂದೆ ಸರಿಯಿರಿ’ ಅಂತಷ್ಟೇ ಬರೆದು ಮುಂದೆ ಹೋಗುತ್ತಾರೆ. ಹಿಂದೆ ಸರಿಯುವುದನ್ನು ಕತ್ತಲಾದ ಮೇಲಲ್ಲ, ಮುಸ್ಸಂಜೆಯಲ್ಲೇ ಶುರು ಮಾಡಬೇಕು, ಇಲ್ಲದಿದ್ದರೆ ರಾತ್ರಿಯ ಮೊದಲ ಜಾವದಲ್ಲಿ ಓರ್ಕ್‌ಗಳು ನಿಮ್ಮ ಬೆನ್ನ ಮೇಲಿರುತ್ತಾರೆ ಅನ್ನುವ ಸಾಲು ಅಲ್ಲಿ ಇರುವುದಿಲ್ಲ. ನಿಮಗೆ ಅದು ಆಡಿ ಗೊತ್ತಾಯಿತು ಅಂದರೆ, ಆ ಸಾಲು ಬರೆಯಬೇಕಾದವರು ನೀವೇ.

ಈ ವಾರ ನೀವು ಆಡುತ್ತಿರುವ ಸಿನಾರಿಯೋದ ಪುಟ ತೆಗೆಯಿರಿ. ಓದುತ್ತಾ ಆಡಿ. ‘ಅಯ್ಯೋ, ಇದನ್ನು ಹೇಳಲೇ ಇಲ್ಲವಲ್ಲ’ ಅನ್ನಿಸಿದ ಜಾಗ ಗುರುತು ಹಾಕಿಕೊಳ್ಳಿ. ಎರಡು ಸಾಲು ಸಾಕು, ಪಕ್ಕದಲ್ಲಿ ವರ್ಷನ್ ಮತ್ತು ಮಟ್ಟ ಇರಲಿ. ಮುನ್ನೋಟ ಒತ್ತಿ ಸರಿಯಾಗಿ ಕಾಣುತ್ತದಾ ಅಂತ ನೋಡಿ, ಸಾರಾಂಶ ತುಂಬಿ, ಸೇವ್ ಮಾಡಿ. ಚರ್ಚೆಯ ಪುಟದಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ.