ಮೈಕ್‌ಸೆಟ್ ಕಾಕಾನ ಅಂಕಣ: ಬ್ಲೂಸ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕಾಕಾ, ನಮಸ್ಕಾರ. ನಾನು ಶಿವಮೊಗ್ಗದವಳು, ವಯಸ್ಸು 46. ಮನೆಯಲ್ಲಿ ಹಿಂದೂಸ್ತಾನಿ ಕೇಳುತ್ತಾ ಬೆಳೆದೆ, ಹಾಡಲು ಬರುವುದಿಲ್ಲ. ಮೊನ್ನೆ ಕಾರಿನಲ್ಲಿ ಮಗ ಯಾವುದೋ ಇಂಗ್ಲಿಷ್ ಹಾಡು ಹಾಕಿದ. ಗಿಟಾರು ಮನುಷ್ಯರ ಹಾಗೆ ಮಾತಾಡುತ್ತಿತ್ತು. ಇದೇನೋ ಎಂದರೆ, ‘ಬ್ಲೂಸ್ ಅಂತ. ನಿನಗೆ ತಿಳಿಯಲ್ಲ ಬಿಡಮ್ಮ’ ಅಂದ. ಆ ಮಾತಿಗೇ ಹಟ ಬಂದಿದೆ. ಎಲ್ಲಿ ನೋಡಿದರೂ ನೂರು ಆಲ್ಬಮ್‌ಗಳ ಪಟ್ಟಿ ಕೊಡುತ್ತಾರೆ. ನನಗೆ ನಾಲ್ಕೈದು ಸಾಕು. ಹಾಡಿನೊಳಗಿನ ಇಂಗ್ಲಿಷ್ ನನ್ನ ಕಿವಿಗೆ ಸಿಗುವುದಿಲ್ಲ, ಅದೂ ನಿಮ್ಮ ಲೆಕ್ಕದಲ್ಲಿರಲಿ.

ಉತ್ತರ: ತಂಗೀ, ನಿನ್ನ ಮಗನಿಗೆ ಮೊದಲು ಒಂದು ಮಾತು ಹೇಳು. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ, ಅದನ್ನು ತಿಳಿಯೋದಕ್ಕೆ ಅವನಿಗಿಂತ ನಿನಗೇ ತಯಾರಿ ಜಾಸ್ತಿ ಇದೆ. ಧಾನಿ ರಾಗ ಕೇಳಿದ್ದೀಯಲ್ಲ? ಸಾ, ಕೋಮಲ ಗ, ಮ, ಪ, ಕೋಮಲ ನಿ. ಬ್ಲೂಸ್ ಗಿಟಾರಿನವರು ಹಗಲೂ ರಾತ್ರಿ ತಿರುಗೋದು ಈ ಐದು ಸ್ವರಗಳ ಓಣಿಯಲ್ಲೇ. ಆದರೆ ಅವರ ಗಾಂಧಾರ ಒಂದು ಕಡೆ ಕೂರೋದಿಲ್ಲ. ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ನಿಂತು ನರಳುತ್ತದೆ. ಪಿಯಾನೋದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ, ಅದಕ್ಕೇ ಗಿಟಾರಿನ ತಂತಿಯನ್ನು ಬೆರಳಿಂದ ಎಳೆದು ಅಲ್ಲಿಗೆ ಹೋಗುತ್ತಾರೆ. ನಿನಗೆ ಕಾರಿನಲ್ಲಿ ‘ಮಾತಾಡಿದ್ದು’ ಅದೇ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಕೇಳಿದ ಕಿವಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನನಗೆ ಈ ಹುಚ್ಚು ಹಿಡಿದದ್ದು ಅಂಗಡಿಯಲ್ಲಿ. ಧಾರವಾಡದಲ್ಲಿ ಮೈಕ್ ಸೆಟ್ ಬಾಡಿಗೆ, ಜೊತೆಗೆ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ, ಇದು ನನ್ನ ಕಸುಬು. ಎಂಬತ್ತರ ದಶಕದಲ್ಲಿ ಹಡಗಿನ ಕೆಲಸದವರೊಬ್ಬರು ಟೇಪ್‌ರೆಕಾರ್ಡರ್ ಬಿಟ್ಟುಹೋದರು. ಬೆಲ್ಟ್ ಹೋಗಿತ್ತು. ಬೇರೆ ಬೆಲ್ಟ್ ಹಾಕಿ, ಒಳಗೇ ಉಳಿದಿದ್ದ ಕ್ಯಾಸೆಟ್ಟನ್ನು ಟೆಸ್ಟಿಂಗಿಗೆ ಓಡಿಸಿದೆ. ಜನ ಕಿರುಚುವ ಸದ್ದು ಬಂತು. ಬೆಲ್ಟ್ ಜಾರುತ್ತಿದೆ ಅಂದುಕೊಂಡು ಮತ್ತೆ ಬಿಚ್ಚಿದೆ. ಮೆಷಿನ್ ಸರಿಯಾಗೇ ಇತ್ತು. ಅದು ಬ್ಲೂಸ್ ಹಾಡುಗಾರ, ಗಿಟಾರಿನವ ಬಿ.ಬಿ. ಕಿಂಗ್‌ನ ‘ಲೈವ್ ಅಟ್ ದ ರೀಗಲ್’. ಮಾಲೀಕರು ಬಂದದ್ದು ಎಂಟು ದಿನ ಬಿಟ್ಟು, ಅಷ್ಟರಲ್ಲಿ ನನಗೆ ಕ್ಯಾಸೆಟ್ ಬಾಯಿಪಾಠ.

ನೀನೂ ಅಲ್ಲಿಂದಲೇ ಶುರು ಮಾಡು. ಶಿಕಾಗೋದ ರೀಗಲ್ ಥಿಯೇಟರಿನಲ್ಲಿ 1964ರ ನವೆಂಬರ್ 21ರಂದು ರೆಕಾರ್ಡ್ ಆಗಿದ್ದು, ಹೊರಬಂದದ್ದು 1965ರಲ್ಲಿ. ಇರೋದೇ ಸುಮಾರು 35 ನಿಮಿಷ. ಒಂದು ಗಮನಿಸು: ಕಿಂಗ್ ಹಾಡುವಾಗ ಗಿಟಾರ್ ನುಡಿಸೋದಿಲ್ಲ, ನುಡಿಸುವಾಗ ಹಾಡೋದಿಲ್ಲ. ಒಂದು ಸಾಲು ಹಾಡಿ ಬಾಯಿ ಮುಚ್ಚುತ್ತಾನೆ, ಗಿಟಾರು ಅದಕ್ಕೆ ಉತ್ತರ ಕೊಡುತ್ತದೆ. ಗಾಯಕರು ಮುಕ್ತಾಯ ಮಾಡಿದ ಕೂಡಲೇ ಸಾರಂಗಿಯವರು ಆ ಮಾತನ್ನೇ ಎತ್ತಿಕೊಂಡು ಹೋಗುವುದಿಲ್ಲವೇ, ಹಂಗ. ಇಲ್ಲಿ ಸಾರಂಗಿಯವನೂ ಅವನೇ. ಗಿಟಾರಿಗೆ ಲೂಸಿಲ್ ಅಂತ ಹೆಸರು. 1949ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆಯಲ್ಲಿ ಇಬ್ಬರು ಗಂಡಸರು ಹೊಡೆದಾಡಿ, ಚಳಿ ಕಾಯಿಸಿಕೊಳ್ಳಲು ಉರಿಸಿಟ್ಟಿದ್ದ ಸೀಮೆಎಣ್ಣೆಯ ಡಬ್ಬ ಉರುಳಿ ಕಟ್ಟಡ ಹೊತ್ತಿತು. ಹೊರಗೆ ಓಡಿಬಂದ ಕಿಂಗ್, ಗಿಟಾರ್ ಒಳಗೇ ಉಳಿಯಿತು ಅಂತ ಮತ್ತೆ ಬೆಂಕಿಗೆ ನುಗ್ಗಿದ. ಆ ಜಗಳಕ್ಕೆ ಕಾರಣವಾದ ಹೆಣ್ಣಿನ ಹೆಸರು ಲೂಸಿಲ್ ಅಂತ ಆಮೇಲೆ ತಿಳಿಯಿತು. ಇನ್ನೊಮ್ಮೆ ಇಂಥ ಹುಚ್ಚುತನ ಮಾಡಬಾರದು ಅನ್ನೋ ನೆನಪಿಗೆ ಗಿಟಾರಿಗೆ ಆ ಹೆಸರಿಟ್ಟ.

ಇಂಗ್ಲಿಷ್ ಸಿಗದಿದ್ದರೆ ಚಿಂತೆ ಬೇಡ, ರೀಗಲ್‌ನ ಜನರನ್ನು ಕೇಳು. ಎಲ್ಲಿ ಹೆಂಗಸರು ಕೂಗುತ್ತಾರೋ ಅಲ್ಲಿ ಗಂಡ-ಹೆಂಡಿರ ಜಗಳದ ಮಾತು ಬಂದಿದೆ ಅಂತ ತಿಳಿ. ನಗುವಿಗೂ ಅಲ್ಲಿ ಬರ ಇಲ್ಲ. ಬ್ಲೂಸ್ ಅಂದರೆ ಬರೀ ಅಳು ಅಂತ ಯಾರೋ ತಪ್ಪು ಹಬ್ಬಿಸಿದ್ದಾರೆ. ಅಳು ಇದೆ, ಆದರೆ ಶನಿವಾರ ರಾತ್ರಿ ಕುಣಿಯೋ ಜನರ ಅಳು ಅದು.

ಎರಡನೆಯದು ಮಡ್ಡಿ ವಾಟರ್ಸ್. ರಾಡಿ ನೀರು! ಸಣ್ಣವನಿದ್ದಾಗ ಹಳ್ಳದ ಕೆಸರಿನಲ್ಲಿ ಆಡುತ್ತಿದ್ದನಂತೆ, ಅಜ್ಜಿ ಇಟ್ಟ ಹೆಸರು. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ಸ್ಟೋವಾಲ್ ಅನ್ನೋ ಹತ್ತಿ ತೋಟದಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಆಲನ್ ಲೋಮ್ಯಾಕ್ಸ್ 1941ರಲ್ಲಿ ಅಲ್ಲಿಗೇ ಹೋಗಿ ಅವನ ಹಾಡು ಮುದ್ರಿಸಿಕೊಂಡ. ತನ್ನ ದನಿ ತಾನೇ ಕೇಳಿದ ಮೇಲೆ ಹೊಲದಲ್ಲಿ ಮನಸ್ಸು ನಿಲ್ಲುತ್ತದೆಯೇ? 1943ರಲ್ಲಿ ರೈಲು ಹತ್ತಿ ಶಿಕಾಗೋಕ್ಕೆ ಹೋದ. ಅಲ್ಲಿನ ಕುಡಿಯುವ ಅಂಗಡಿಗಳ ಗದ್ದಲದಲ್ಲಿ ಕಟ್ಟಿಗೆಯ ಗಿಟಾರ್ ಯಾರಿಗೂ ಕೇಳಿಸಲಿಲ್ಲ, ಕರೆಂಟಿನ ಗಿಟಾರ್ ಹಿಡಿದ. ಊರ ಜಾತ್ರೆಗೆ ಹಾರ್ನ್ ಕಟ್ಟಿದವನಿಗೆ ಈ ಮಾತು ಒಂದೇ ಏಟಿಗೆ ತಿಳಿಯುತ್ತದೆ.

ಆದರೆ ನಿನಗೆ ಹೇಳೋದು ಕರೆಂಟಿನದಲ್ಲ, 1964ರ ‘ಫೋಕ್ ಸಿಂಗರ್’. ಮಡ್ಡಿ, ಜೊತೆಗೆ ಆಗಿನ್ನೂ ಹುಡುಗನಾಗಿದ್ದ ಬಡ್ಡಿ ಗೈ, ಎರಡೂ ಕಟ್ಟಿಗೆಯ ಗಿಟಾರು, ಹಿಂದೆ ಸಣ್ಣಗೆ ಬೇಸ್, ಡ್ರಮ್ಸ್. ನಲವತ್ತು ವರ್ಷ ಮೈಕ್ ಕಟ್ಟಿದವನಾಗಿ ಹೇಳುತ್ತೇನೆ, ಮೈಕಿನ ಮುಂದೆ ಮನುಷ್ಯ ಕೂತಿದ್ದಾನೆ ಅನ್ನಿಸುವ ಇಂಥ ರೆಕಾರ್ಡಿಂಗ್ ಅಪರೂಪ. ಸಾಲು ಮುಗಿದ ಮೇಲೆ ಕೋಣೆಯ ಗುಂಯ್‌ಗುಡುವಿಕೆ ಕೂಡ ಕೇಳುತ್ತದೆ. ರಾತ್ರಿ ಅಡುಗೆಮನೆ ದೀಪ ಆರಿಸಿದ ಮೇಲೆ ಹಾಕು.

ಮೂರನೆಯದಕ್ಕೆ ಎದೆ ಗಟ್ಟಿ ಇರಲಿ. ಹೌಲಿನ್ ವುಲ್ಫ್, ‘ಮೋನಿನ್ ಇನ್ ದ ಮೂನ್‌ಲೈಟ್’, 1959. ಆರಡಿ ಮೀರಿದ ಆಳು, ಗಂಟಲಲ್ಲಿ ಜಲ್ಲಿ ಅರೆಯುವ ದನಿ. ಅದರಲ್ಲಿರುವ ‘ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್’ ಹಾಡಿನಲ್ಲಿ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬದಲಾಗೋದೇ ಇಲ್ಲ, ಒಂದೇ ಆಧಾರದ ಮೇಲೆ ಕೊನೆತನಕ ನಿಲ್ಲುತ್ತದೆ. ತಂಬೂರಿ ಕೇಳಿ ಬೆಳೆದವರಿಗೆ ಅದು ಬೇಸರ ತರೋದಿಲ್ಲ, ನಿನ್ನ ಮಗನಿಗೆ ತರಬಹುದು.

ವುಲ್ಫ್ ಕೇಳಿ ಹೆದರಿಕೆ ಆದರೆ ಮಿಸಿಸಿಪ್ಪಿ ಜಾನ್ ಹರ್ಟ್‌ನ ‘ಟುಡೇ!’ ಹಾಕಿಕೋ. ಮೊಮ್ಮಕ್ಕಳನ್ನು ಮಲಗಿಸುವ ಅಜ್ಜನ ದನಿ. 1928ರಲ್ಲಿ ಕೆಲವು ಹಾಡು ಮುದ್ರಿಸಿ, ಅವು ಮಾರಾಟವಾಗದೆ ಮತ್ತೆ ಹೊಲಕ್ಕೆ ಹೋದ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಹುಡುಗ, ಅವನ ಹಳೆಯ ಗ್ರಾಮಫೋನ್ ತಟ್ಟೆಯೊಂದರಲ್ಲಿ ‘ಅವಲಾನ್ ನನ್ನ ಊರು’ ಅಂತ ಬರೋದನ್ನೇ ವಿಳಾಸ ಮಾಡಿಕೊಂಡು ಹುಡುಕಿಹೋದ. ಮುದುಕ ಅಲ್ಲೇ ಇದ್ದ. 35 ವರ್ಷದ ನಂತರವೂ ಬೆರಳು ಮೊದಲಿನಂತೆಯೇ ಓಡುತ್ತಿದ್ದವು. ಇನ್ನೊಂದು ಮೂರು ವರ್ಷ ಹಾಡಿ 1966ರಲ್ಲಿ ತೀರಿಕೊಂಡ.

ನಾಲ್ಕಾಯಿತು, ಸಾಕು. ಒಂದೊಂದಕ್ಕೆ ಹದಿನೈದು ದಿನ ಕೊಡು. ರಾಬರ್ಟ್ ಜಾನ್ಸನ್ ಹೆಸರು ಯಾಕೆ ಹೇಳಲಿಲ್ಲ ಅಂತ ಪಂಡಿತರು ನನಗೆ ಬೈಯುತ್ತಾರೆ. 1936 ಮತ್ತು 37ರಲ್ಲಿ ಟೆಕ್ಸಾಸಿನಲ್ಲಿ ಮುದ್ರಿಸಿದ 29 ಹಾಡು, 27ನೇ ವಯಸ್ಸಿಗೆ ಸಾವು, ಚೌರಸ್ತೆಯಲ್ಲಿ ಸೈತಾನನ ಜೊತೆ ವ್ಯವಹಾರ ಮಾಡಿದ ಅನ್ನೋ ಕಟ್ಟುಕಥೆ, ಎಲ್ಲಾ ಪಟ್ಟಿಯಲ್ಲೂ ಅವನೇ ಮೊದಲು. ಖರೇ ಹೇಳಬೇಕಂದ್ರ, ಅವನು ದೊಡ್ಡವನೇ. ಆದರೆ ಹಳೇ ತಟ್ಟೆಯ ಚರಚರ ಸದ್ದಿನ ಹಿಂದೆ ಸಣ್ಣಗೆ ಕೇಳುವ ಆ ದನಿ, ಹೊಸಬರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತದೆ. ಆರು ತಿಂಗಳು ಬಿಟ್ಟು ಹೋಗು ಅವನ ಮನೆಗೆ.

ಪ್ರಶ್ನೆ: ಬ್ಲೂಸ್ ಹಾಡುಗಳಲ್ಲಿ ಒಂದೇ ಸಾಲನ್ನು ಎರಡೆರಡು ಸಲ ಹಾಡುತ್ತಾರೆ. ಬರೆಯಲು ಸೋಮಾರಿತನವೇ? (ಒಬ್ಬ ವಿದ್ಯಾರ್ಥಿ, ಹಾವೇರಿ)

ಉತ್ತರ: ಸೋಮಾರಿತನ ಅಲ್ಲಪ್ಪ, ಜಾಣತನ. ನಾಲ್ಕು ಮಾತ್ರೆಯ ಹನ್ನೆರಡು ಅಳತೆ, ಒಟ್ಟು 48 ಮಾತ್ರೆಗೆ ಒಂದು ಸುತ್ತು. ಅದರಲ್ಲಿ ಮೂರು ಸಾಲು, ಒಂದೊಂದಕ್ಕೆ 16. ಮೊದಲ ಸಾಲಲ್ಲಿ ಸುದ್ದಿ ಹೇಳುತ್ತಾನೆ. ಅದನ್ನೇ ಎರಡನೇ ಸಲ ಹೇಳುವಾಗ ಕೆಳಗಿನ ಆಧಾರ ಷಡ್ಜದಿಂದ ಮಧ್ಯಮಕ್ಕೆ ಸರಿದಿರುತ್ತದೆ, ಮಾತು ಅದೇ, ನೆಲ ಬೇರೆ. ಮೂರನೇ ಸಾಲಿಗೆ ಪಂಚಮದ ಮೇಲಿಂದ ಇಳಿಯುತ್ತಾ ಗುಟ್ಟು ಬಿಡುತ್ತಾನೆ. ಎರಡನೇ ಸಲ ಕೇಳುವಾಗ ‘ಮುಂದೇನು’ ಅಂತ ಕಾಯುತ್ತೀಯಲ್ಲ, ಹಾಡುವವನಿಗೆ ಬೇಕಾದದ್ದೂ ಅದೇ. ಸ್ಥಳದಲ್ಲೇ ಪದ ಕಟ್ಟುವವನಿಗೆ ಮೂರನೇ ಸಾಲು ಹೊಂದಿಸಿಕೊಳ್ಳಲು ಪುರಸೊತ್ತೂ ಸಿಗುತ್ತದೆ. ಬೇಕಾದರೆ ಬೆರಳೆಣಿಸಿ ನೋಡು. ಜಾನ್ ಲೀ ಹೂಕರ್‌ನ ಹಾಡಿಗೆ ಮಾತ್ರ ಎಣಿಸಬೇಡ, ಅವನು ತನಗೆ ಮನಸ್ಸು ಬಂದಾಗ ತಿರುಗುತ್ತಾನೆ. ಜೊತೆಗಾರರು ಅವನ ಮುಖ ನೋಡುತ್ತಾ ಕೂರಬೇಕಿತ್ತು.

ಪ್ರಶ್ನೆ: ಪೂರ್ತಿ ಬ್ಲೂಸ್ ಬೇಡ, ಅದರ ವಾಸನೆ ಇರುವಂಥದ್ದು ಹೇಳಿ. (ಬೆಳಗಾವಿ)

ಉತ್ತರ: ಮಾತಿಲ್ಲದ್ದು ಬೇಕಾದರೆ ಕೆನಿ ಬರೆಲ್‌ನ ‘ಮಿಡ್‌ನೈಟ್ ಬ್ಲೂ’, 1963. ಜಾಝ್ ಗಿಟಾರು, ಸ್ಯಾಕ್ಸೊಫೋನು, ಕೈಯಿಂದ ಬಡಿಯುವ ಕಾಂಗಾ ಡೋಲು. ಪಿಯಾನೋ ಇಟ್ಟುಕೊಂಡಿಲ್ಲ, ಅದಕ್ಕೇ ಅಷ್ಟು ಗಾಳಿ ಬೆಳಕು. ಆಫ್ರಿಕಾದ್ದು ಬೇಕಾದರೆ 1994ರ ‘ಟಾಕಿಂಗ್ ಟಿಂಬಕ್ಟು’: ಮಾಲಿ ದೇಶದ ಅಲಿ ಫರ್ಕಾ ಟೂರೆ, ಅಮೆರಿಕದ ರೈ ಕೂಡರ್.

ಅದೇ ಕೂಡರ್ ಅದಕ್ಕೂ ಮೊದಲು ನಮ್ಮ ವಿಶ್ವಮೋಹನ ಭಟ್ಟರ ಮೋಹನ ವೀಣೆಯ ಜೊತೆ ಕೂತದ್ದು 1993ರ ‘ಎ ಮೀಟಿಂಗ್ ಬೈ ದ ರಿವರ್’. ಇದನ್ನು ಬಿಡಬೇಡಿ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಮಾಡಿದ್ದು, ಹೆಚ್ಚು ಪೂರ್ವತಯಾರಿ ಇಲ್ಲದೆ. ಒಬ್ಬ ತಂತಿಯ ಮೇಲೆ ಗಾಜಿನ ನಳಿಕೆ ಜಾರಿಸುತ್ತಾನೆ, ಇನ್ನೊಬ್ಬರು ಉಕ್ಕಿನ ಸಲಾಕೆ. ಮೊದಲ ಹತ್ತು ನಿಮಿಷದಲ್ಲಿ ಯಾರದು ಯಾವುದು ಅಂತ ಗುರುತಿಸಿ ನನಗೆ ಬರೆಯಿರಿ. ನಾನು ಎರಡು ಸಲ ಸೋತಿದ್ದೇನೆ. ಅದಕ್ಕೆ ಗ್ರ್ಯಾಮಿ ಬಂತು.

ಪ್ರಶ್ನೆ: ಕುಡುಕರ ಹಾಡಿಗೆ ಇಷ್ಟು ಪುಟ ಯಾಕೆ? ನಮ್ಮ ಧಾರವಾಡದ ಸಂಗೀತಕ್ಕೂ ಇದಕ್ಕೂ ಏನು ಸಂಬಂಧ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ರಾಯರೇ, ಕುಡುಕರ ಹಾಡೂ ಇದೆ, ಇಲ್ಲ ಅನ್ನೋದಿಲ್ಲ. ಸಂಬಂಧ ಕೇಳಿದಿರಿ, ಹೇಳುತ್ತೇನೆ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳಲ್ಲಿ ಹಾಡು ತುಂಬಿದ ಬಂಗಾರದ ಲೇಪದ ತಟ್ಟೆ ಇಟ್ಟು ಆಕಾಶಕ್ಕೆ ಬಿಟ್ಟರು. ಅದರಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ, ‘ಜಾತ್ ಕಹಾಂ ಹೋ’. ಆಕೆ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಆ ಖಾನರ ಮಕ್ಕಳ ಹತ್ತಿರ ಕಲಿತವರು, ಅಂದರೆ ಒಂದೇ ಮನೆತನದ ಹಾಡು. ಆ ಭೈರವಿ ಮುಗಿದ ಕೂಡಲೇ ಮುಂದಿನದು ಬ್ಲೈಂಡ್ ವಿಲ್ಲಿ ಜಾನ್ಸನ್, ಟೆಕ್ಸಾಸಿನ ಕುರುಡ, 1927ರ ರೆಕಾರ್ಡು. ಅವನು ಹಾಡುತ್ತಿದ್ದದ್ದು ದೇವರ ಪದ ಮಾತ್ರ, ಗಿಟಾರಿನ ಜಾರು ಪಕ್ಕಾ ಬ್ಲೂಸಿನದು. ಆ ಹಾಡಲ್ಲಿ ಪದವೇ ಇಲ್ಲ, ಬರೀ ಹೂಂಕಾರ, ನರಳಿಕೆ. ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’, ಅಂದರೆ ರಾತ್ರಿ ಕತ್ತಲು, ತಣ್ಣನೆಯ ನೆಲ ಅಂತ ಹೆಸರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಏಳು ನಿಮಿಷ ಕೂಡ ಆಗೋದಿಲ್ಲ. ಆಮೇಲೂ ಬೈಯಬೇಕು ಅನ್ನಿಸಿದರೆ ಅಂಗಡಿಗೆ ಬನ್ನಿ, ಚಹಾ ಕುಡಿಯುತ್ತಾ ಬೈಯಿರಿ.

ಪ್ರಶ್ನೆ: ಮೊಬೈಲಿನಲ್ಲೇ ಕೇಳಿದರೆ ನಡೆಯುತ್ತದೆಯೇ? (ಗದಗ)

ಉತ್ತರ: ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ಬೇಡ ತಮ್ಮಾ. ಅದರಲ್ಲಿ ಕೆಳಗಿನ ದನಿ ಹುಟ್ಟೋದೇ ಇಲ್ಲ. ಹೂಕರ್ 1948ರಲ್ಲಿ ಡೆಟ್ರಾಯಿಟಿನಲ್ಲಿ ‘ಬೂಗಿ ಚಿಲ್ಲನ್’ ಮುದ್ರಿಸಿದಾಗ ಡ್ರಮ್ಸ್ ಇರಲಿಲ್ಲ, ಅವನ ಕಾಲೇ ತಾಳ. ಬೂಟಿನ ಆ ಪೆಟ್ಟು ಕೇಳದಿದ್ದರೆ ಅರ್ಧ ಹಾಡು ಹೋದ ಹಾಗೆ. ಇನ್ನು ಲಿಟಲ್ ವಾಲ್ಟರ್ ಕೇಳುವಾಗ ದನಿ ಒಡೆಯುತ್ತಿದೆ, ಸ್ಪೀಕರ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡ. ಬಾಯಿ ಆರ್ಗನ್ನನ್ನೂ ಮೈಕನ್ನೂ ಒಂದೇ ಮುಷ್ಟಿಯಲ್ಲಿ ಒತ್ತಿ ಹಿಡಿದು, ವಾಲ್ವ್ ಆಂಪ್ಲಿಫೈಯರ್ ತಡೆಯಲಾರದಷ್ಟು ತುಂಬಿ ಊದುತ್ತಿದ್ದ, ಬೇಕೆಂದೇ. ದನಿ ಒಡೆಯದ ಹಾಗೆ ನೋಡಿಕೊಳ್ಳೋದರಲ್ಲೇ ನನ್ನ ಆಯುಷ್ಯ ಹೋಯಿತು, ಈ ಪುಣ್ಯಾತ್ಮ ಒಡೆದೇ 1952ರಲ್ಲಿ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ. ಮನೆಯ ಅಟ್ಟದ ಮೇಲೆ ಹಳೇ ಟೇಪ್‌ರೆಕಾರ್ಡರಿನ ಕಟ್ಟಿಗೆ ಸ್ಪೀಕರ್ ಬಾಕ್ಸ್ ಬಿದ್ದಿದ್ದರೆ ಇಳಿಸು, ಒಂದು ಸಣ್ಣ ಆಂಪ್ಲಿಫೈಯರ್ ನಡುವೆ ಹಾಕಿ ಮೊಬೈಲಿಗೆ ಜೋಡಿಸು. ಬಾಕ್ಸನ್ನು ನೆಲಕ್ಕೆ ಇಡದೆ ಸ್ಟೂಲಿನ ಮೇಲಿಡು, ಹಿಂದಿನ ಗೋಡೆಯಿಂದ ಒಂದು ಮೊಳ ದೂರ ಇರಲಿ.